ಮೇಸಾ, ಸೀಯಾ, ಗುರಪ್ಪ

ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಒಂದರಿಂದ ಇಪ್ಪತ್ತರವರೆಗೆ ಸ್ಪ್ಯಾನಿಷಿನಲ್ಲಿ ಎಣಿಸಿ ಮುಗಿಸಬೇಕೆಂದು ಸಿದ್ದಲಿಂಗವ್ವ ತನ್ನೊಡನೆ ತಾನೇ ಪಣ ಕಟ್ಟಿಕೊಂಡಿದ್ದಳು. ಹದಿಮೂರರ ಹತ್ತಿರ ನಾಲಿಗೆ ನಿಂತಿತು, ಹಾಲು ನಿಲ್ಲಲಿಲ್ಲ. ಕಟ್ಟೆಯ ಮೇಲೆ ಹರಿದ ಹಾಲನ್ನು ಅರಿವೆಯಿಂದ ಒತ್ತಿ ತೆಗೆಯುತ್ತ, ಸೋತದ್ದಕ್ಕೆ ತನಗೆ ಬೇಸರವೇ ಆಗುತ್ತಿಲ್ಲವಲ್ಲ ಎಂದುಕೊಂಡಳು. ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಇಷ್ಟು ವರ್ಷ ರಾಜ್ಯಶಾಸ್ತ್ರ ಹೇಳಿ ಹೇಳಿ, ಸರಿಯಾಗಿರುವುದೇ ಒಂದು ಕಸುಬಾಗಿ, ತಪ್ಪುವುದರಲ್ಲಿಯೂ ಒಂದು ರುಚಿಯುಂಟೆಂಬುದು ಮರೆತೇಹೋಗಿತ್ತು.

"ಏನ್ ವಟವಟ ಹಚ್ಚೀದಿ ಒಳಗ? ಹಾಲ ಸೀದ ವಾಸನಿ ಬಂತು," ಎಂದು ಪಡಸಾಲೆಯಿಂದ ಅತ್ತೆ ಯಲ್ಲವ್ವ ಕೂಗಿದಳು.

"ಎಣಸಾಕತ್ತಿದ್ನಿರಿ ಅತ್ತಿ."

"ಹಾಲ ಯಾರರ ಎಣಸ್ತಾರೇನ? ಅಳೀತಾರ."

"ಇವತ್ತ ಪರೀಕ್ಷಾ ಐತ್ರಿ. ಬಾಯಿಲೆ ಹೇಳೂದು."

"ನಿನಗ? ಮಂದೀಗಿ ಪರೀಕ್ಷಾ ಮಾಡಾಕಿ ನೀನ. ನಿನಗ ಯಾರ ಮಾಡಾವರು?"

"ಸಂಜೀವಕುಮಾರ ಅಂತ, ಲಚ್ಯಾಣದ ಹುಡುಗ. ನಮ್ಮ ಐಶ್ವರ್ಯಾನಕಿಂತ ಸ್ವಲ್ಪ ದೊಡ್ಡಾವ."

ಸೊಸೆಗೆ ಮೊಮ್ಮಗಳ ಓರಿಗೆಯ ಹುಡುಗನೊಬ್ಬ ಪರೀಕ್ಷೆ ಮಾಡುವ ದೃಶ್ಯ ಯಲ್ಲವ್ವನಿಗೆ ಬಹಳ ರುಚಿಸಿರಬೇಕು. ನಗಲು ಹೋಗಿ ಬಿಕ್ಕಳಿಕೆ ಹತ್ತಿಸಿಕೊಂಡಳು. ಅವಳಿಗೆ ಬಿಕ್ಕಳಿಕೆ ಬಂತೆಂದರೆ ಅದೊಂದು ವಿಧಿ. ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ತನ್ನನ್ನು ನೆನೆಸಿರಬಹುದಾದವರ ಹೆಸರುಗಳನ್ನು ಒಂದೊಂದಾಗಿ ಹೇಳುವುದು. ಯಾರ ಹೆಸರಿಗೆ ಬಿಕ್ಕಳಿಕೆ ನಿಲ್ಲುತ್ತದೋ ಅವರೇ ನೆನೆಸಿದವರು. ಮುದ್ದೇಬಿಹಾಳದ ತಂಗಿ ಆಯಿತು, ನಿಲ್ಲಲಿಲ್ಲ. ಐಶ್ವರ್ಯಾ ಆಯಿತು, ನಿಲ್ಲಲಿಲ್ಲ. "ಗುರಪ್ಪಾ," ಎಂದಳು, ಎಂದವಳೇ ಉಸಿರು ಬಿಗಿಹಿಡಿದಳು. ನಿಂತಿತು. "ನೋಡ, ನನ್ನ ಮಗಾನ ನೆನಸ್ಯಾನ." ಉಸಿರು ಹಿಡಿದರೆ ಯಾರ ಹೆಸರಿಗಾದರೂ ನಿಲ್ಲುತ್ತದೆಂದು ಸಿದ್ದಲಿಂಗವ್ವನಿಗೆ ಗೊತ್ತು. ಅತ್ತೆಗೂ ಗೊತ್ತೋ ಏನೋ. ಈ ಮನೆಯಲ್ಲಿ ಇಬ್ಬರಿಗೂ ಗೊತ್ತಿದ್ದು ಇಬ್ಬರೂ ಆಡದ ಸಂಗತಿಗಳಲ್ಲಿ ಅದು ಬಹಳ ಚಿಕ್ಕದು.

ಆ ಹೆಸರು ಹೀಗೆ ದಿನಕ್ಕೆ ಹತ್ತು ಸಲ ಈ ಮನೆಯಲ್ಲಿ ಕೇಳಿಸುತ್ತದೆ, ಆದರೆ ಒಂದೇ ಬಾಯಿಂದ. ಸಿದ್ದಲಿಂಗವ್ವ ಅದನ್ನು ಬರೆದಿದ್ದಾಳೆ. ಆಧಾರ ಕಾರ್ಡಿನಲ್ಲಿ ತನ್ನ ಹೆಸರಿಗೂ ಬಿರಾದಾರ ಎಂಬ ಅಡ್ಡಹೆಸರಿಗೂ ನಡುವೆ ಅವರು ಕೂತಿದ್ದಾರೆ, ಸೊಲ್ಲಾಪುರಕ್ಕೆ ಹೋಗಿ ಇನ್ನೊಬ್ಬಳೊಡನೆ ಸಂಸಾರ ಹೂಡಿದ ಮೇಲೂ ಅಲ್ಲಿಂದ ಎದ್ದಿಲ್ಲ. ಬ್ಯಾಂಕಿನವನು ತಲೆಯೆತ್ತದೆ "ಯಜಮಾನರ ಹೆಸರೇನ್ರಿ?" ಎಂದರೆ ಅವಳು ಕಾರ್ಡನ್ನು ಮುಂದೆ ಸರಿಸಿ "ಅಲ್ಲೇ ಐತಲ್ರಿ" ಎನ್ನುತ್ತಾಳೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂಬುದನ್ನು ಅವಳು ನಂಬುವುದಿಲ್ಲ. ಸಂವಿಧಾನದ ಹದಿನಾಲ್ಕನೆಯ ಅನುಚ್ಛೇದವನ್ನು ಬೋರ್ಡಿನ ಮೇಲೆ ಬರೆದು ಎರಡು ಸಲ ಕೆಳಗೆರೆ ಎಳೆಯುವ ಹೆಂಗಸು ಅವಳು. ನಂಬುವುದಿಲ್ಲ, ಆದರೆ ಪ್ರಯೋಗ ಮಾಡಿಯೂ ನೋಡಿಲ್ಲ. ದೇವಣಗಾಂವದಲ್ಲಿ ಅವಳ ಅಜ್ಜಿ, ಗಂಡನ ಹೆಸರು ಮಲ್ಲಪ್ಪನೆಂದು, ಮಲ್ಲಿಗೆಗೆ ಕೂಡ ಬಿಳಿ ಹೂ ಎನ್ನುತ್ತಿದ್ದಳು. ಇಷ್ಟು ಎಚ್ಚರ ವಹಿಸಿದರೂ ಅಜ್ಜ ನಲವತ್ತಕ್ಕೇ ತೀರಿಕೊಂಡ. ಅಜ್ಜಿ ಮತ್ತೆ ಅರ್ಧ ಶತಮಾನ ಬದುಕಿ ಕೊನೆಯವರೆಗೂ ಮಲ್ಲಿಗೆಯನ್ನು ಬಿಳಿ ಹೂ ಎಂದೇ ಕರೆದಳು. ಯಾರನ್ನು ಕಾಯುತ್ತಿದ್ದಳು? ಕಾಯಲು ಯಾರೂ ಇಲ್ಲದ ಮೇಲೂ ಕಾವಲು ಮಾತ್ರ ಹೇಗೆ ಉಳಿಯುತ್ತದೆ? ಹಾಲಿನ ಅರಿವೆಯನ್ನು ಹಿಂಡುತ್ತ ಸಿದ್ದಲಿಂಗವ್ವ ಇದನ್ನು ಬೇರೆ ಯಾರದೋ ಮನೆಯ ವಿಷಯವೆಂಬಂತೆ ಯೋಚಿಸಿದಳು.

ಇಂಗಳೇಶ್ವರದಿಂದ ಬಾಗೇವಾಡಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಗರಿ ಕೊಯ್ದ ಹೊಲಗಳ ಕರಿಮಣ್ಣಿನ ಮೇಲೆ ಬಿಸಿಲು ಬಿದ್ದಿತ್ತು. ಅವಳು ಮನಸ್ಸಿನಲ್ಲಿಯೇ ಹೊಲ, ಮರ, ನಾಯಿ ಎಂದು ಸ್ಪ್ಯಾನಿಷಿನಲ್ಲಿ ಹೆಸರಿಡುತ್ತ ಹೋದಳು. ಹೆಸರು ಬರದಿದ್ದವು ಹಾಗೆಯೇ, ಹೆಸರಿಲ್ಲದೆ, ಹಿಂದೆ ಸರಿದವು. ಈ ಕೋರ್ಸು ಶುರುವಾದದ್ದು ಯಾರ ಜ್ಞಾನದಾಹದಿಂದಲೂ ಅಲ್ಲ. ಕಾಲೇಜಿನ ಗುಣಮಟ್ಟ ಅಳೆಯಲು ತಂಡವೊಂದು ಬರುವುದಿತ್ತು, ಪರದೇಶದ ಭಾಷೆಯೊಂದನ್ನು ಕಲಿಸಿದರೆ ಅಂಕ ಹೆಚ್ಚೆಂದು ಪ್ರಿನ್ಸಿಪಾಲರಿಗೆ ಯಾರೋ ಹೇಳಿದ್ದರು. ಇಂಗ್ಲಿಷ್ ವಿಭಾಗದ ಅತಿಥಿ ಉಪನ್ಯಾಸಕ ಸಂಜೀವಕುಮಾರ ಪುಣೆಯಲ್ಲಿ ಫೋನೆತ್ತುವ ಕಂಪನಿಯೊಂದರಲ್ಲಿದ್ದಾಗ ಸ್ಪ್ಯಾನಿಷ್ ಕಲಿತಿದ್ದ. ಬೆಂಚು ತುಂಬಲೆಂದು ಪ್ರಿನ್ಸಿಪಾಲರು ಸಿಬ್ಬಂದಿಯನ್ನೂ ಕೂರಿಸಿದರು. ಎರಡನೆಯ ವಾರಕ್ಕೆ ಸಿಬ್ಬಂದಿಯೆಲ್ಲ ಎದ್ದುಹೋಗಿ ಸಿದ್ದಲಿಂಗವ್ವ ಒಬ್ಬಳೇ ಉಳಿದಳು. ಮೊದಲನೆಯ ದಿನ ಹುಡುಗ ಅವಳ ಬೆಂಚಿನ ಮುಂದೆ ಬಂದು ನಿಂತು, ನಿಮ್ಮ ಹೆಸರೇನು ಎಂದು ಆ ಭಾಷೆಯಲ್ಲಿ ಕೇಳಿದ್ದ. ಈ ಊರಿನಲ್ಲಿ ಅವಳನ್ನು ಯಾರೂ ಹಾಗೆ ಕೇಳಿ ಎಷ್ಟು ಕಾಲವಾಗಿತ್ತೋ! ಇಲ್ಲಿ ಎಲ್ಲರಿಗೂ ಅವಳ ಹೆಸರು ಗೊತ್ತು, ಅದರ ಹಿಂದೆ ಮುಂದೆ ಇರುವುದೆಲ್ಲವೂ ಗೊತ್ತು. ಏನೂ ಗೊತ್ತಿಲ್ಲದವರಂತೆ ಕೇಳುವ ಆ ಪ್ರಶ್ನೆ ಅವಳಿಗೆ ತಣ್ಣೀರು ಮುಖಕ್ಕೆ ಹೊಡೆದಂತಾಗಿ, ಮತ್ತೊಮ್ಮೆ ಹೊಡೆಸಿಕೊಳ್ಳಬೇಕೆನ್ನಿಸಿತ್ತು.

ತರಗತಿಯಲ್ಲಿ ಸ್ಪೇನಿನವರು ಕಂಡು ಕೇಳರಿಯದ ಒಂದು ಸ್ಪ್ಯಾನಿಷ್ ಬೆಳೆದಿತ್ತು. ಹೌದು ಎನ್ನಲು 'ಸಿ' ಎಂದರೆ ಸಾಕೆಂದು ಸಂಜೀವಕುಮಾರ ಎಷ್ಟು ಹೇಳಿದರೂ ಎದುರಿಗೆ ಮೇಷ್ಟ್ರು ನಿಂತಿರುವಾಗ ಬರೀ ಸಿ ಎನ್ನಲು ಯಾರಿಗೂ ಮನಸ್ಸು ಒಪ್ಪದು. ಎಲ್ಲರೂ "ಸಿ ರಿ" ಎನ್ನುತ್ತಿದ್ದರು. ಧನ್ಯವಾದಕ್ಕೆ ಗ್ರಾಸಿಯಾಸ್ ರಿ. ನಮಸ್ಕಾರಕ್ಕೆ ಓಲಾ ರಿ. ಒಣದ್ರಾಕ್ಷಿಯ ವ್ಯಾಪಾರಿ ಅಯೂಬನಂತೂ, ಎಂದಾದರೊಂದು ದಿನ ತನ್ನ ಮಾಲು ಹಡಗು ಹತ್ತುತ್ತದೆಂಬ ಭರವಸೆಯಲ್ಲಿ ಬರುವವನು, ಅಂಕಿಗಳಿಗೂ ರಿ ಹಚ್ಚುತ್ತಿದ್ದ. "ಸಿಯೆನ್ ರಿ, ನೂರು ರಿ, ಲಾಸ್ಟ್ ರೇಟ್." ಗೆಳೆಯರಿಗೆ ಒಂದು 'ನೀನು', ಹಿರಿಯರಿಗೆ ಒಂದು 'ನೀವು' ಈ ಭಾಷೆಯಲ್ಲಿಯೂ ಇದೆ, ತರಗತಿಯಲ್ಲಿ ನಾವೆಲ್ಲ ಗೆಳೆಯರು ಎಂದು ಬೋರ್ಡಿನ ಮೇಲೆ ಬರೆದ ಸಂಜೀವಕುಮಾರನೇ ಸಿದ್ದಲಿಂಗವ್ವನ ಮುಂದೆ ಬಂದಾಗ ಹಿರಿಯರ ಮಾತಿಗೆ ಜಾರುತ್ತಿದ್ದ.

ಮೂರನೆಯ ಪಾಠದ ಹೊತ್ತಿಗೆ ಕುಟುಂಬ ಬಂತು. ಅವ್ವ, ಅಪ್ಪ, ಅಣ್ಣ, ಮರೀದೊ ಎಂದರೆ ಗಂಡ. ಜೋಡಿ ಮಾಡಿ ಕೂರಿಸಿದಾಗ ಅವಳ ಪಾಲಿಗೆ ಬಂದವಳು ಬಿ.ಕಾಂ. ಕೊನೆಯ ವರ್ಷದ ನಸ್ರೀನ. "ಕೋಮೊ ಸೆ ಯಾಮಾ ಸು ಮರೀದೊ?" ಎಂದು, ನಿಮ್ಮ ಗಂಡನ ಹೆಸರೇನೆಂದು, ಆ ಹುಡುಗಿ ಪುಸ್ತಕ ನೋಡಿ ಓದಿದಳು. ಓದಿ ಮುಗಿಸಿದ ಮೇಲೆ ಅವಳ ಮುಖ ಕೆಂಪಾಯಿತು. ಸಿದ್ದಲಿಂಗವ್ವ "ನೊ ಸೆ" ಎಂದಳು. ಗೊತ್ತಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸಂಜೀವಕುಮಾರ ಡಸ್ಟರು ಹುಡುಕತೊಡಗಿದ, ಅದು ಅವನ ಕೈಯಲ್ಲೇ ಇತ್ತು. ಅವಳ ಕಿವಿ ಬಿಸಿಯಾಯಿತು, ನಿಜ. ಆದರೆ ಆ ಬಿಸಿಯ ಹಿಂದಿನಿಂದ ಇನ್ನೊಂದು ಮೆಲ್ಲಗೆ ಇಣುಕಿತು. ಕನ್ನಡದಲ್ಲಿ ಇದೇ ಪ್ರಶ್ನೆಗೆ ತನ್ನ ಬಳಿ ಎಷ್ಟು ಉತ್ತರಗಳಿವೆ! ಅಲ್ಲೇ ಇರ್ತಾರ್ರಿ. ವ್ಯವಹಾರ ನೋಡಬೇಕಲ್ರಿ. ಬಂದು ಹೋಗಿ ಮಾಡ್ತಾರ್ರಿ. ಆರಾಮ ಅದಾರ್ರಿ. ಕೇಳುವವರಿಗೂ ಗೊತ್ತು, ಹೇಳುವವಳಿಗೂ ಗೊತ್ತು, ಇಬ್ಬರೂ ಸೇರಿ ಆ ಮಾತುಗಳನ್ನು ದೂಳು ಒರೆಸಿ ಮತ್ತೆ ಅಲ್ಲಲ್ಲೇ ಇಡುತ್ತಾರೆ. ಈ ಹೊಸ ಭಾಷೆಯಲ್ಲಿ ಅವಳಿಗೆ ಇದ್ದವು ಮೂರೇ. ಹೌದು, ಇಲ್ಲ, ಗೊತ್ತಿಲ್ಲ. ಬಡವರ ಮನೆಯಲ್ಲಿ ಬಚ್ಚಿಟ್ಟುಕೊಳ್ಳಲು ಕೋಣೆಯಿರುವುದಿಲ್ಲ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಶಬ್ದಸಂಪತ್ತು ಬೇಕು.

ಅಂದಿನಿಂದ ಅವಳೊಳಗೆ ಹುಳ ಹೊಕ್ಕಿತ್ತು. ಹೇಳಿದರೆ ಏನಾಗುತ್ತದೆ? ಒಗೆದ ಸೀರೆ ಹಿಂಡುವಾಗ, ಉತ್ತರಪತ್ರಿಕೆ ತಿದ್ದುವಾಗ, ಪಾರ್ಲಿಮೆಂಟಿನ ಎರಡು ಸದನಗಳ ನಡುವಿನ ವ್ಯತ್ಯಾಸವನ್ನು ಐದನೆಯ ಸಲ ವಿವರಿಸುವಾಗ, ಅದು ಒಳಗೆ ಹರಿದಾಡುತ್ತಿತ್ತು. ಹೇಳಿದರೆ ಅಲ್ಲಿ ಸೊಲ್ಲಾಪುರದಲ್ಲಿ ಅವರಿಗೆ ಏನಾದರೂ ಆಗುತ್ತದೆಯೆ? ಆಗುವುದಿಲ್ಲ, ಖಂಡಿತ. ಅಕಸ್ಮಾತ್ ಆದರೆ? ಹೆದರಿಕೆಗೆಂದು ತಡಕಿದಲ್ಲಿ ಅವಳಿಗೆ ಸಿಕ್ಕಿದ್ದು ಕುತೂಹಲ. ಬರೀ ಕುತೂಹಲ, ವಿಜ್ಞಾನದ ಹುಡುಗರು ಕಪ್ಪೆಯ ಕಾಲಿಗೆ ತಂತಿ ಮುಟ್ಟಿಸಿ ನೋಡುವಂಥದ್ದು. ತಾಳಿ ಕಟ್ಟಿದವರ ಆಯುಷ್ಯದ ಬಗ್ಗೆ ಇಂಥ ಕುತೂಹಲ ಪಟ್ಟವಳು ಈ ಇಂಗಳೇಶ್ವರದಲ್ಲಿ ತಾನೊಬ್ಬಳೇ ಇರಬೇಕೆಂದು ನಾಚಿಕೆಯಾಯಿತು. ಹಾಗಲ್ಲ, ಇನ್ನೂ ಇರಬಹುದು, ಅವರೂ ಹೇಳುತ್ತಿಲ್ಲ ಎಂದು ಆಮೇಲೆ ಅನ್ನಿಸಿತು. ಅತ್ತೆ ಫೋನಿನಲ್ಲಿ "ಗುರಪ್ಪಾ, ಉಂಡ್ಯಾ?" ಎಂದು ಕೇಳುವ ರಾತ್ರಿಗಳಲ್ಲಿ ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಆ ಮೂರಕ್ಷರದ ಮೇಲೆ ಕಿವಿಯಿಡುತ್ತಿದ್ದಳು. ಅತ್ತೆಯ ಬಾಯಲ್ಲಿ ಅದು ಗು ಇಂದ ಶುರುವಾಗಿ ಪ್ಪ ದಲ್ಲಿ ಎಷ್ಟು ಸಲೀಸಾಗಿ ಮುಗಿಯುತ್ತದೆ, ಹೆತ್ತವರಿಗೆ ಏನೆಲ್ಲ ರಿಯಾಯಿತಿ!

ಕಾಲೇಜಿನ ಗೇಟಿನ ಹೊರಗೆ ಚಹಾದಂಗಡಿಯ ಬಳಿ ನಸ್ರೀನ ಕಾಯುತ್ತಿದ್ದಳು. ಹುಡುಗಿ ಬುರ್ಖಾದ ತೋಳು ಮಡಚಿ ಅಂಗೈಯಲ್ಲಿ ಸಂಭಾಷಣೆ ಬರೆದುಕೊಂಡಿದ್ದಳು. ಮೇಡಮ್ಮಿಗೆ ಕಂಡಿತೆಂದು ಕೈ ಹಿಂದೆ ಒಯ್ದಳು.

"ಇರ್ಲಿ ಬಿಡು. ಇವತ್ತ ನಾನೂ ನಿನ್ನ ಬೆಂಚಿನಾಕಿ," ಎಂದಳು ಸಿದ್ದಲಿಂಗವ್ವ.

"ಮೇಡಂ, ಒಂದ್ ಮಾತ್ ಕೇಳ್ಲ್ಯಾರಿ? ಸಿಟ್ಟಿಗೇಳಬಾರ್ದು."

"ಕೇಳು."

"ಆ ಪ್ರಶ್ನಿ ಬಿಟ್ಟ್‌ಬಿಡ್ಲೇನ್ರಿ ನಾ? ಅವ್ವ ಅಪ್ಪಂದು ಕೇಳಿ ಮುಂದ ಹೋಗೂಣು. ಸರ್‌ಗೂ ಹೇಳೇನಿ. ಅವರೂ ಹೂಂ ಅಂದಾರ."

ಅಂದರೆ ಇದನ್ನು ಅವರಿಬ್ಬರೂ ಕೂತು ಮಾತಾಡಿಕೊಂಡಿದ್ದಾರೆ. ಸಂಜೀವಕುಮಾರ ಹೋದ ವಾರ "ಮೇಡಂ, ನಿಮಗ ಸಂತೀ ಡೈಲಾಗ್ ಕೊಡ್ಲೇನ್ರಿ? ಉಳ್ಳಾಗಡ್ಡಿ, ಟೊಮ್ಯಾಟೊ, ಛಲೋ ಐತ್ರಿ ಅದು" ಎಂದದ್ದು ಈಗ ಅರ್ಥವಾಯಿತು. ಊರು ಹೀಗೆಯೇ ಅವಳನ್ನು ನೋಡಿಕೊಂಡು ಬಂದಿದೆ. ಅವಳು ನಡೆಯುವ ದಾರಿಯಲ್ಲಿ ಒಂದು ಕಲ್ಲಿದ್ದರೆ ಮೊದಲೇ ಹೋಗಿ ಎತ್ತಿ ಬದಿಗಿಡುತ್ತಾರೆ, ಇಟ್ಟದ್ದು ಅವಳಿಗೆ ಕಾಣುವ ಹಾಗೆ ಇಡುತ್ತಾರೆ. ಕೈಯಲ್ಲಿದ್ದ ಚಹಾದ ಕಪ್ಪನ್ನು ನೋಡಿದಳು. ಹುಡುಗಿಯ ಕಣ್ಣಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು.

"ನಮ್ಮ ಅಮ್ಮೀನೂ ಹೇಳಂಗಿಲ್ರಿ," ಎಂದು ನಸ್ರೀನ ಅವಸರದಲ್ಲಿ ಸೇರಿಸಿದಳು. "ರೇಷನ್ ಅಂಗಡ್ಯಾಗ ಅಬ್ಬಾನ ಹೆಸರ ಕೇಳಿದ್ರ ನನ್ನ ಮಾರಿ ನೋಡ್ತಾಳ. ನಾ ಹೇಳ್ಬೇಕು. ನಾ ಇಲ್ಲಂದ್ರ 'ನಸ್ರೀನನ ಅಬ್ಬಾ' ಅಂತ ಬರ್ಸ್ತಾಳ. ಒಮ್ಮೆ ಚೀಟಿ ಹಂಗ ಬಂದಿತ್ರಿ."

"ನಿಮ್ಮ ಅಮ್ಮೀಗಿ ಕೇಳೇನು ಹೇಳಿದ್ರ ಏನಾಗ್ತೈತಿ ಅಂತ?"

"ಕೇಳೇನ್ರಿ. 'ಏನೂ ಆಗಂಗಿಲ್ಲ, ಆದ್ರ ಯಾಕ ನೋಡ್ಬೇಕು' ಅಂತಾಳ."

ಸಿದ್ದಲಿಂಗವ್ವ ನಕ್ಕುಬಿಟ್ಟಳು. ನಸ್ರೀನಳ ಅಮ್ಮಿ ಜೋಹರಾಬಿಯನ್ನು ಅವಳು ಎಂದೂ ಕಂಡವಳಲ್ಲ, ಆದರೂ ತಾನು ಇಷ್ಟು ದಿನ ಸುತ್ತಿ ಸುತ್ತಿ ಯೋಚಿಸಿದ್ದನ್ನು ಆ ಹೆಂಗಸು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತೇ ಮುಗಿಸಿದ್ದಳು. ಚಹಾ ಕುಡಿದು ಕಪ್ಪನ್ನು ಬುಟ್ಟಿಗೆ ಹಾಕಿ, "ನೀ ಕೇಳು. ಬಿಡಬ್ಯಾಡ. ಬಿಟ್ಟಿ ಅಂದ್ರ ನೋಡು, ಮಾರ್ಕ್ಸ್ ಹೋಗ್ತಾವ," ಎಂದಳು.

ಪರೀಕ್ಷೆಯ ಕೋಣೆಯಲ್ಲಿ ಸಂಜೀವಕುಮಾರ ಹೊಸ ಅಂಗಿ ತೊಟ್ಟು, ಮೇಜಿನ ಹಿಂದೆ ಗಂಭೀರವಾಗಿ ಕೂತಿದ್ದ. ಪರೀಕ್ಷಕನಾಗುವುದು ಅವನಿಗೂ ಮೊದಲ ಸಲ. ಅಯೂಬ ತನ್ನ ಜೊತೆಗಾರನಿಗೆ ಒಂದು ಕಿಲೋ ದ್ರಾಕ್ಷಿಯನ್ನು ಎರಡು ಸಲ ಮಾರಿ, ಪ್ರಶ್ನೆಯಲ್ಲಿಲ್ಲದ ಚೌಕಾಶಿಯನ್ನೂ ಮಾಡಿ, "ಅದಿಯೋಸ್ ರಿ" ಎಂದು ಬೀಳ್ಕೊಂಡು, ಹಣೆಗೆ ಕೈಹಚ್ಚಿ ಬಂದು ಕೂತ. ಆಮೇಲೆ ನಸ್ರೀನ ಮತ್ತು ಸಿದ್ದಲಿಂಗವ್ವನ ಸರದಿ. ಎದುರು ಬದರು ಎರಡು ಕುರ್ಚಿ. ಬೆಂಚಿನ ಮೇಲಿದ್ದವರು ಪಿಸುಗುಟ್ಟುವುದನ್ನು ನಿಲ್ಲಿಸಿದರು, ನಿಲ್ಲಿಸದಿದ್ದರೆ ಚೆನ್ನಾಗಿತ್ತು.

ಹೆಸರಾಯಿತು. ಊರಾಯಿತು. ಅವ್ವ ಅಪ್ಪ ಆಯಿತು. ಮಗಳೊಬ್ಬಳು, ವಿಜಯಪುರದಲ್ಲಿ ಓದುತ್ತಾಳೆ, ಅದೂ ತಪ್ಪಿಲ್ಲದೆ ಆಯಿತು. ನಸ್ರೀನ ಒಂದು ಗಳಿಗೆ ಸಂಜೀವಕುಮಾರನ ಕಡೆ ನೋಡಿದಳು, ಅವನು ಪೆನ್ನಿನ ಮುಚ್ಚಳ ನೋಡುತ್ತಿದ್ದ.

"ಎಸ್ತಾ ಉಸ್ತೇದ್ ಕಸಾದಾ?" ನಿಮಗೆ ಮದುವೆಯಾಗಿದೆಯೆ?

"ಸಿ."

"ಕೋಮೊ ಸೆ ಯಾಮಾ ಸು ಮರೀದೊ?"

ಆಗ ಆದದ್ದು ಹೀಗೆ. ಬಾಯಿ ತೆರೆಯಿತು, ಹೆಸರು ಗಂಟಲಿನವರೆಗೆ ಬಂದಿತ್ತು, ಆದರೆ ಎದುರಿನ ಕುರ್ಚಿ, ಮೂಕವಾದ ಜನ, ಕಾಯುತ್ತಿರುವ ಮುಖಗಳು ಎಲ್ಲ ಸೇರಿ ಇದು ಕಾಲೇಜಿನ ಕೋಣೆಯಾಗಿರದೆ ಇಂಗಳೇಶ್ವರದ ಮನೆಯ ಹೊಸ್ತಿಲಾಯಿತು. ಹೊಸ ಸೊಸೆಯಾಗಿ ಅವಳು ಸೇರಕ್ಕಿಯ ಮುಂದೆ ನಿಂತಿದ್ದಾಳೆ, ನಾದಿನಿಯರು ಬಾಗಿಲಿಗೆ ಅಡ್ಡ ಕೈ ಹಿಡಿದಿದ್ದಾರೆ, "ಹೆಸರ ಹೇಳಿದ್ರ ಒಳಗ, ಇಲ್ಲಂದ್ರ ತವರಮನಿ ದಾರಿ ಅಲ್ಲೈತಿ ನೋಡ್ರಿ" ಎಂದು ನಗುತ್ತಿದ್ದಾರೆ. ಅಂದು ಅವಳು ಗಂಡನ ಹೆಸರನ್ನು ಪ್ರಾಸಕ್ಕೆ ಹೆಣೆದು ಒಡಪು ಹಾಕಿದ್ದಳು. ಬೆಳ್ಳಿ ಬಟ್ಟಲದಾಗ ಬೆಲ್ಲ ಕೊಬರಿ, ಇಂಥವರು ಬಂದಾರ ಬಾಗಿಲ ತೆರೀರಿ. ಆ ಹೆಸರು ಅವಳ ಬಾಯಿಗೆ ಬಂದದ್ದು ಇಡೀ ಆಯುಷ್ಯದಲ್ಲಿ ಅದೊಂದೇ ಸಲ. ಪ್ರಾಸದೊಳಗೆ ಕೂರಿಸಿ ಹೇಳಿದ ಹೆಸರು ಹೇಳಿದ ಲೆಕ್ಕಕ್ಕಿಲ್ಲ, ಅದರಿಂದ ಯಾರ ಆಯುಷ್ಯಕ್ಕೂ ಧಕ್ಕೆಯಿಲ್ಲ. ಸಿದ್ದಲಿಂಗವ್ವನ ನಾಲಿಗೆ ತನ್ನ ಹೊಸ ಬಡಸಂಪತ್ತಿನಲ್ಲಿ ಕೈಯಾಡಿಸಿ, ಸಿಕ್ಕಿದ್ದನ್ನು ಬಾಚಿಕೊಂಡು, ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತಿನಲ್ಲಿ, ರಾಗವಾಗಿ ಹೇಳಿಬಿಟ್ಟಿತು:

"ಉನಾ ಮೇಸಾ, ಉನಾ ಸೀಯಾ,
ಲಿಮೋನ್ ವೇರ್ದೆ, ಮಾಂತೆಕೀಯಾ,
ಮಿ ಮರೀದೊ ಎನ್ ಸೊಲ್ಲಾಪುರ
ಸೆ ಯಾಮಾ ಗುರಪ್ಪ."

ಒಂದು ಮೇಜು, ಒಂದು ಕುರ್ಚಿ, ಹಸಿರು ನಿಂಬೆ, ಬೆಣ್ಣೆ. ಸೊಲ್ಲಾಪುರದಲ್ಲಿರುವ ನನ್ನ ಗಂಡನ ಹೆಸರು ಗುರಪ್ಪ. ಮೊದಲು ಅಯೂಬ ಬೆಂಚು ಬಡಿದ. "ಅರೇ ವಾಹ್! ಒಡಪ ಹಾಕಿದ್ರಲ್ರಿ ಮೇಡಂ, ಸ್ಪ್ಯಾನಿಷ್ ಒಡಪ!" ಆಮೇಲೆ ಕೋಣೆಗೆ ಕೋಣೆಯೇ ಕೇಕೆ ಹಾಕಿತು. ನಸ್ರೀನ ಅಂಗೈಯ ಅಕ್ಷರವನ್ನೂ ಮರೆತು ಚಪ್ಪಾಳೆ ತಟ್ಟಿದಳು. ಸಂಜೀವಕುಮಾರ ನಗು ತಡೆಯಲಾರದೆ, "ಮೇಡಂ, ನಾ ಕೇಳಿದ್ದು ಹೆಸರ ಒಂದ, ನೀವು ಫರ್ನಿಚರ್ ಸಮೇತ ಕೊಟ್ರಿ" ಎಂದು ಪೂರ್ತಿ ಅಂಕ ಬರೆದು, ಅವಳಿಗೆ ಕಾಣುವಂತೆ ಕಾಗದ ತಿರುಗಿಸಿದ.

ಅವಳೂ ನಕ್ಕಳು. ಹೊರಗೆ ಬಂದು ವರಾಂಡದ ಕಂಬ ದಾಟುವಷ್ಟರಲ್ಲಿ ನಗು ಇಳಿಯತೊಡಗಿತು. ಎಂಥ ಜಾಣೆ! ಅಷ್ಟು ದೂರದ ಭಾಷೆಗೆ ಹೋಗಿಯೂ, ಅಲ್ಲಿಯೂ ಒಂದು ಹಳೆಯ ಸೆರಗು ಹುಡುಕಿ ಮುಖಕ್ಕೆ ಹೊದ್ದುಕೊಂಡು ಬಂದೆ. ಮೂರೇ ಮಾತು, ಬಚ್ಚಿಟ್ಟುಕೊಳ್ಳಲು ಕೋಣೆಯಿಲ್ಲ ಎಂದುಕೊಂಡಿದ್ದಳಲ್ಲ, ಮೇಜು ಕುರ್ಚಿ ಅಡ್ಡ ಇಟ್ಟು ತಾನೇ ಒಂದು ಕೋಣೆ ಕಟ್ಟಿಕೊಂಡಿದ್ದಳು. ಹೇಳಿಯೂ ಹೇಳದ ಲೆಕ್ಕ. ಯಾರೂ ಬೆಚ್ಚಲಿಲ್ಲ, ಯಾರೂ ಸಾಯಲಿಲ್ಲ, ಎಲ್ಲರಿಗೂ ಸಂತೋಷವಾಯಿತು. ಪೂರ್ತಿ ಅಂಕ ಬಂದ ಹುಡುಗಿಯರು ಮುಖ ಸಪ್ಪೆ ಮಾಡಿಕೊಂಡು ನಿಂತದ್ದನ್ನು ಎಷ್ಟೋ ಸಲ ಕಂಡು ಇವಕ್ಕೇನು ರೋಗವೆಂದು ಬೈದುಕೊಂಡದ್ದು ನೆನಪಾಯಿತು.

ಇಂಗಳೇಶ್ವರದ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು, ಅರ್ಧ ಖಾಲಿ. ಡ್ರೈವರ್ ಇನ್ನೂ ಚಹಾ ಕುಡಿಯುತ್ತಿದ್ದ. ಅವಳು ಹೋಗಿ ಕೂತು, ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಹಿಡಿದುಕೊಂಡಳು. ಪ್ರಾಸವಿಲ್ಲ, ರಾಗವಿಲ್ಲ. ಪರೀಕ್ಷೆಯಿಲ್ಲ, ಕೇಳುವವರಿಲ್ಲ. ಬರೀ ಹೆಸರು. ಬಾಯಿ ತುಂಬ ನೀರು ಹಿಡಿದುಕೊಂಡಂತೆ ಅದನ್ನು ಒಂದಷ್ಟು ಹೊತ್ತು ಹಿಡಿದಿದ್ದು, ಆಮೇಲೆ ಬಿಟ್ಟಳು.

"ಗುರಪ್ಪ."

ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಎರಡು ಸೀಟು ಮುಂದೆ ಹಿಂಡಿಯ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದ ರುಮಾಲಿನ ಮುದುಕ ಹಿಂದಿರುಗಿ ನೋಡಿದ.

"ಏನ್ರಿ ಅಕ್ಕಾರ, ಕರದ್ರೇನ್ರಿ?"

ಸಿದ್ದಲಿಂಗವ್ವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಸರಳಿನಿಂದ ಕೈ ತೆಗೆದಳು. "ಇಲ್ರೀ ಅಜ್ಜಾ. ನಿಮ್ಮನ್ನಲ್ಲ."

"ಮತ್ತ ಗುರಪ್ಪ ಅಂದ್ರೆಲಾ."

"ಸುಮ್ನ ಅಂದ್ನಿರಿ. ಹೆಂಗ ಕೇಳಸ್ತೈತಿ ನೋಡೂಣು ಅಂತ."

ಮುದುಕ ಇದನ್ನು ಯೋಚಿಸಿದ. ತನ್ನ ಹೆಸರಿನ ಬಗ್ಗೆ ಯಾರೂ ಇಷ್ಟು ಆಸ್ಥೆ ತೋರಿಸಿರಲಿಲ್ಲವೆಂದು ಕಾಣುತ್ತದೆ. "ಛಲೋನ ಕೇಳಸ್ತ್ರಿ," ಎಂದು ಪ್ರಾಮಾಣಿಕವಾಗಿ ಹೇಳಿ ಚೀಲವನ್ನು ಸರಿಪಡಿಸಿಕೊಂಡು ಮುಂದೆ ತಿರುಗಿದ. ಬಸ್ಸು ಹೊರಟಿತು. ಕಿಟಕಿಯಲ್ಲಿ ಬೆಳಿಗ್ಗೆ ಹೆಸರಿಲ್ಲದೆ ಹಿಂದೆ ಸರಿದ ಬದು ಬೇಲಿಗಳು ಈಗಲೂ ಹೆಸರಿಲ್ಲದೆಯೇ ಮರಳಿ ಬಂದವು. ಇವನೂ ಒಬ್ಬ ಗುರಪ್ಪ, ಅವಳು ಯೋಚಿಸಿದಳು. ಇವನ ಮನೆಯಲ್ಲಿಯೂ ಒಬ್ಬಳು ಇವನ ಹೆಸರನ್ನು ಬಾಯೊಳಗೆ ಕಟ್ಟಿಹಾಕಿ ಕಾಯುತ್ತಿರಬಹುದು. ನಾನು ಕರೆದು ಆ ಕಾವಲು ಕೆಡಿಸಿದೆನೆ? ಮುದುಕನ ಕತ್ತಿನ ಹಿಂಭಾಗ ಬಿಸಿಲಿಗೆ ಸುಟ್ಟು ಗಟ್ಟಿಯಾಗಿತ್ತು. ಅವನಿಗೆ ಏನೂ ಆಗುವ ಲಕ್ಷಣವಿರಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಯಲ್ಲವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ, ಫೋನನ್ನು ಸ್ಪೀಕರಿಗೆ ಹಾಕಿ, ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಫೋನಿನೊಳಗಿನಿಂದ ಒಂದು ಸದ್ದು ಬಂತು. ಸ್ವಲ್ಪ ಬಿಟ್ಟು ಮತ್ತೆ ಬಂತು. ಸಿದ್ದಲಿಂಗವ್ವ ಹೊಸ್ತಿಲಲ್ಲಿಯೇ ನಿಂತಳು.

"ಯಾವಾಗಿಂದ ಹತ್ಯಾವೊ ಬಿಕ್ಕಳಿಕಿ?" ಯಲ್ಲವ್ವ ಕೇಳುತ್ತಿದ್ದಳು.

"ಮಧ್ಯಾಹ್ನ... ಹಿಕ್... ದಿಂದ ಬೇ. ನಿಲ್ಲವಲ್ಲವು."

"ಯಾರೋ ನೆನಸ್ಯಾರ. ತಡಿ, ಹೆಸರ ಹೇಳ್ತೇನಿ. ನಮ್ಮ ಐಶ್ವರ್ಯಾ?"

"ಹಿಕ್."

"ಮುದ್ದೇಬಿಹಾಳದ ಚಿಗವ್ವ?"

"ಹಿಕ್."

ಯಲ್ಲವ್ವ ಅಣ್ಣನ ಮಕ್ಕಳನ್ನು ಹೇಳಿದಳು. ಹೊಲ ಪಾಲಿಗೆ ಮಾಡುವ ಶಂಕ್ರೆಪ್ಪನನ್ನು ಹೇಳಿದಳು. ಸೊಲ್ಲಾಪುರದವಳ ಹೆಸರನ್ನೂ, ಈ ಮನೆಯಲ್ಲಿ ಎಂದೂ ಕೇಳಿಸದಿದ್ದ ಶೇವಂತಿ ಎಂಬ ಆ ಹೆಸರನ್ನು, ದನಿ ತಗ್ಗಿಸಿ ಹೇಳಿದಳು. ಯಾವುದಕ್ಕೂ ನಿಲ್ಲಲಿಲ್ಲ. ಹೆಸರುಗಳು ಮುಗಿದವು. ಅತ್ತೆ ತಲೆಯೆತ್ತಿ ಹೊಸ್ತಿಲ ಕಡೆ ನೋಡಿದಳು. ಬಿಟ್ಟ ಹೆಸರು ಯಾವುದೆಂದು ಅತ್ತೆಗೂ ಗೊತ್ತಿತ್ತು, ಸೊಸೆಗೂ ಗೊತ್ತಿತ್ತು, ಫೋನಿನಲ್ಲಿದ್ದವರಿಗೂ ಗೊತ್ತಿದ್ದಿರಬೇಕು. ಅವರು ಉಸಿರಾಡುವುದು ಕೇಳಿಸುತ್ತಿತ್ತು.

ಸಿದ್ದಲಿಂಗವ್ವ ಚಪ್ಪಲಿ ಬಿಟ್ಟಳು. ವ್ಯಾನಿಟಿ ಬ್ಯಾಗನ್ನು ಗೂಟಕ್ಕೆ ಸಿಕ್ಕಿಸಿದಳು. ಒಳಗೆ ಹೋಗಿ ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದಳು. ನೆನೆಸಿದ್ದು ಹೌದು, ಇಡೀ ದಿನ. ಆದರೆ ಹೆಸರು ಹೇಳಿಸಿಕೊಳ್ಳುವ ಸರದಿ ತನ್ನದಲ್ಲ, ಅವರದೆಂದು ಅನ್ನಿಸಿತು. ಅಡುಗೆಮನೆಯ ಬಾಗಿಲಿನಿಂದಲೇ, ಉಳ್ಳಾಗಡ್ಡಿ ತೀರಿದೆಯೆಂದು ಹೇಳುವ ದನಿಯಲ್ಲಿ, ಹೇಳಿದಳು.

"ಅತ್ತಿ, ಗುರಪ್ಪಗ ಒಂದ್ ತಂಬಿಗಿ ನೀರ ಕುಡಿ ಅನ್ರಿ."

ಯಲ್ಲವ್ವನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಇಬ್ಬರೂ ಅತ್ತೆಯ ತೊಡೆಯ ಮೇಲಿನ ಫೋನನ್ನು ನೋಡುತ್ತ ಕಾದರು. ಅದರೊಳಗೆ ಸೊಲ್ಲಾಪುರದ ಯಾವುದೋ ರಸ್ತೆಯ ರಿಕ್ಷಾ ಹಾರ್ನುಗಳು ಕೇಳಿಸಿದವು, ಯಾರೋ ಯಾರನ್ನೋ ಮರಾಠಿಯಲ್ಲಿ ಬೈದರು, ಒಂದು ಬಾಗಿಲು ಮುಚ್ಚಿತು. ಸಿದ್ದಲಿಂಗವ್ವ ಕತ್ತು ಚಾಚಿ, ಕಪ್ಪೆಯ ಕಾಲು ಅಲುಗುತ್ತದೋ ಇಲ್ಲವೋ ಎಂದು ನೋಡುವ ಹುಡುಗಿಯಂತೆ, ಕಿವಿಗೊಟ್ಟು ನಿಂತಳು.

ಗುರಪ್ಪನ ಬಿಕ್ಕಳಿಕೆ ನಿಂತಿತ್ತು.